ಹಂಡೆಯ ನೀರು, ಮೈಯೊಳಗಿನ ಕಾವು

ಮುಂಗಾರಿನ ಮೊದಲ ಮಳೆ ಬಿದ್ದು ಎರಡು ವಾರವಾಗುವುದರೊಳಗೆ ಗುಡೂರಿನ ನನ್ನ ದವಾಖಾನೆಯ ಬೆಂಚು ತುಂಬಿಹೋಗುತ್ತದೆ. ನೆಗಡಿ, ಕೆಮ್ಮು, ಮೈಕೈ ನೋವು, ಜ್ವರ. ಒಬ್ಬರಾದ ಮೇಲೆ ಒಬ್ಬರು ಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಡಾಕ್ಟರ್ರ, ನಿನ್ನೆ ರಾತ್ರಿ ಸುಡುಸುಡು ನೀರು ಎರದೇವ್ರಿ, ಉಗಿ ತೊಗೊಂಡೇವ್ರಿ, ಬೆವರು ಬಂದು ಜ್ವರ ಇಳಿದಿದ್ವು. ಮುಂಜಾನೆ ಮತ್ತ ಬಂದಾವ್ರಿ."

ಇದರ ಬೆನ್ನಿಗೇ ಒಂದು ಪ್ರಶ್ನೆಯೂ ಬರುತ್ತದೆ. ಬಿಸಿನೀರಿಗೆ, ಉಗಿಗೆ ವೈರಾಣು ಸಾಯುತ್ತದೆಯೇ? 2020ರಲ್ಲಿ ಕೊರೊನಾ ಬಂದ ಮೇಲಂತೂ ಈ ಪ್ರಶ್ನೆ ಕೇಳದ ಮನೆಯಿಲ್ಲ. ಆಗ ದಿನಕ್ಕೆ ನಾಲ್ಕೈದು ಸಲ ಉಗಿ ತೆಗೆದುಕೊಂಡವರನ್ನು, ಗಂಟಲು ಸುಡುವಷ್ಟು ಬಿಸಿ ಕಷಾಯ ಕುಡಿದವರನ್ನು ನಾನು ಬಲ್ಲೆ. ಅವರ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಕಾವಿಗೂ ವೈರಾಣುವಿಗೂ ಹಗೆತನ ಇರುವುದು ಖಂಡಿತ. ಆದರೆ ಆ ಹಗೆತನವನ್ನು ಬಳಸಿಕೊಳ್ಳುವುದು ನಮ್ಮ ಬಚ್ಚಲಿನ ಹಂಡೆಯಲ್ಲ, ನಮ್ಮ ದೇಹವೇ. ಈ ವಾರ ಅದನ್ನೇ ವಿವರವಾಗಿ ನೋಡೋಣ.

ಹಳೆಯ ನಂಟು

ನಮ್ಮ ಕಡೆ ಬಿಸಿನೀರು ಬರೀ ಮೈ ತೊಳೆಯುವ ನೀರಲ್ಲ. ಬಾಣಂತಿಗೆ ಎರೆಯುವ ನೀರು, ಕೂಸಿಗೆ ಎಣ್ಣೆ ತಿಕ್ಕಿ ಎರೆಯುವ ನೀರು, ದೀಪಾವಳಿಯಲ್ಲಿ ಹಂಡೆ ತೊಳೆದು ನೀರು ತುಂಬುವ ಹಬ್ಬ, ಇಡೀ ದಿನ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತು ಸೊಂಟ ಹಿಡಿದುಕೊಂಡ ನೇಕಾರನಿಗೆ ಸಂಜೆಯ ಜಳಕ. ಹತ್ತಿಕಟ್ಟಿಗೆಯ ಉರಿಯಲ್ಲಿ ಕಾದ ಹಂಡೆಯ ನೀರು ಒಂದು ಚಿಕಿತ್ಸೆ ಎಂದೇ ಹಿರಿಯರು ತಿಳಿದಿದ್ದರು.

ಬೇರೆ ದೇಶಗಳಲ್ಲಿಯೂ ಹೀಗೆಯೇ. ಜರ್ಮನಿಯ ಪಾದ್ರಿ ಸೆಬಾಸ್ಟಿಯನ್ ಕ್ನೈಪ್ ಮತ್ತು ಲೂಯಿ ಕೂನೆ ಹತ್ತೊಂಬತ್ತನೆಯ ಶತಮಾನದಲ್ಲಿ ಜಲಚಿಕಿತ್ಸೆಯನ್ನು ಪ್ರಚಾರಕ್ಕೆ ತಂದರು. ಗಾಂಧೀಜಿಯವರು ಕೂನೆಯ ಪುಸ್ತಕ ಓದಿ ಅದರಲ್ಲಿ ನಂಬಿಕೆ ಇಟ್ಟರು. 1902ರಲ್ಲಿ ಮುಂಬಯಿಯಲ್ಲಿ ಅವರ ಹತ್ತು ವರ್ಷದ ಮಗ ಮಣಿಲಾಲನಿಗೆ ವಿಷಮಶೀತ ಜ್ವರ ಬಂದು 104 ಡಿಗ್ರಿ ಫ್ಯಾರನ್‌ಹೀಟ್ ಏರಿದಾಗ ಒದ್ದೆ ಬಟ್ಟೆ ಸುತ್ತಿ ಬೆವರು ಬರಿಸಿದ ಸಂಗತಿಯನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹುಡುಗ ಉಳಿದ. ಆದರೆ ಅವನು ಉಳಿದದ್ದು ದೇವರ ದಯೆಯಿಂದಲೋ, ನೀರಿನ ಚಿಕಿತ್ಸೆಯಿಂದಲೋ, ಪಥ್ಯ ಮತ್ತು ಆರೈಕೆಯಿಂದಲೋ ಯಾರು ಹೇಳಬಲ್ಲರು ಎಂಬ ಅರ್ಥದ ಮಾತನ್ನೂ ಗಾಂಧೀಜಿ ಸೇರಿಸಿದ್ದಾರೆ. ಆ ಪ್ರಾಮಾಣಿಕತೆ ನಮಗೂ ಬೇಕು. ಮೈಯಲ್ಲಿ ಗುಣ ಕಂಡಾಗ ಅದು ಯಾವುದರಿಂದ ಆಯಿತು ಎಂದು ಕೇಳಿಕೊಳ್ಳುವುದೇ ವೈದ್ಯಶಾಸ್ತ್ರದ ಮೊದಲ ಪಾಠ.

ನಮ್ಮ ರಾಜ್ಯದಲ್ಲಿ ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನಂತಹ ಸಂಸ್ಥೆಗಳಲ್ಲಿ ಪ್ರಕೃತಿ ಚಿಕಿತ್ಸೆಯನ್ನು ಪದವಿ ಮಟ್ಟದಲ್ಲಿ ಕಲಿಸುತ್ತಾರೆ. ಅಲ್ಲಿ ಉಗಿಸ್ನಾನ ಕೊಡುವ ಮೊದಲು ರೋಗಿಯ ರಕ್ತದೊತ್ತಡ, ಹೃದಯದ ಸ್ಥಿತಿ ನೋಡುತ್ತಾರೆ, ಪಕ್ಕದಲ್ಲಿ ಒಬ್ಬರು ನಿಂತಿರುತ್ತಾರೆ. ಮನೆಯಲ್ಲಿ ಹೊದಿಕೆ ಮುಚ್ಚಿಕೊಂಡು ಕುದಿಯುವ ಪಾತ್ರೆಯ ಮೇಲೆ ಬಾಗುವುದು ಅದಕ್ಕೆ ಸಮವಲ್ಲ. ಇದು ಮೊದಲು ನೆನಪಿರಲಿ.

ವೈರಾಣು ಎಲ್ಲಿ ಅಡಗಿರುತ್ತದೆ?

ವೈರಾಣು ತಾನಾಗಿ ಬೆಳೆಯಲಾರದು. ಅದು ನಮ್ಮ ಜೀವಕೋಶದೊಳಗೆ ನುಗ್ಗಿ, ಅಲ್ಲಿಯ ಸಾಮಗ್ರಿಯನ್ನೇ ಕದ್ದು ತನ್ನಂತಹ ಸಾವಿರಾರು ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಆದ್ದರಿಂದ ವೈರಾಣುವನ್ನು ಸುಡಬೇಕೆಂದರೆ ಅದು ಕುಳಿತಿರುವ ಜೀವಕೋಶವನ್ನೂ ಸುಡಬೇಕಾಗುತ್ತದೆ. ಪ್ರಯೋಗಶಾಲೆಯಲ್ಲಿ ಅನೇಕ ವೈರಾಣುಗಳನ್ನು ನಿಷ್ಕ್ರಿಯಗೊಳಿಸಲು 56ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಅರ್ಧ ತಾಸು ಕೊಡುತ್ತಾರೆ. ಅದೇ 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಸುಮಾರು ಐದು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಮಕ್ಕಳ ಚರ್ಮ ಇನ್ನೂ ತೆಳು, ಅದಕ್ಕೆ ಇನ್ನೂ ಕಡಿಮೆ ಹೊತ್ತು ಸಾಕು. ಲೆಕ್ಕ ನೀವೇ ಹಾಕಿ. ಹೊರಗಿನಿಂದ ವೈರಾಣು ಸಾಯುವಷ್ಟು ಕಾವು ಕೊಟ್ಟರೆ ಮೊದಲು ಬೇಯುವವರು ನಾವೇ.

ಹಾಗಾದರೆ ಕಾವಿಗೂ ರೋಗನಿರೋಧಕ ಶಕ್ತಿಗೂ ಸಂಬಂಧವೇ ಇಲ್ಲವೇ? ಇದೆ. ಅದರ ಹೆಸರೇ ಜ್ವರ.

ದೇಹ ತಾನೇ ಹೊತ್ತಿಸುವ ಒಲೆ

ನಮ್ಮ ಮೈಯೊಳಗಿನ ಶಾಖ ಸಾಮಾನ್ಯವಾಗಿ 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿರುತ್ತದೆ. ಅದನ್ನು ಕಾಯುವ ಕೇಂದ್ರ ಮೆದುಳಿನ ಬುಡದಲ್ಲಿದೆ, ಹೈಪೋಥಲಾಮಸ್ ಎಂದು ಹೆಸರು. ವೈರಾಣು ಒಳಹೊಕ್ಕ ಸುದ್ದಿಯನ್ನು ಬಿಳಿ ರಕ್ತಕಣಗಳು ರಾಸಾಯನಿಕ ದೂತರ ಮೂಲಕ ಈ ಕೇಂದ್ರಕ್ಕೆ ಮುಟ್ಟಿಸುತ್ತವೆ. ಕೂಡಲೇ ಕೇಂದ್ರವು ಮೈಯ ಶಾಖದ ಗುರಿಯನ್ನು 39 ಡಿಗ್ರಿಗೋ 40ಕ್ಕೋ ಏರಿಸಿಬಿಡುತ್ತದೆ. ಗುರಿ ಏರಿದೆ, ಮೈ ಇನ್ನೂ 37ರಲ್ಲಿಯೇ ಇದೆ. ಆಗಲೇ ನಮಗೆ ಚಳಿ ಹತ್ತುವುದು. ಸ್ನಾಯುಗಳು ನಡುಗಿ ಶಾಖ ಹುಟ್ಟಿಸುತ್ತವೆ, ಚರ್ಮದ ರಕ್ತನಾಳಗಳು ಕಿರಿದಾಗಿ ಆ ಶಾಖವನ್ನು ಒಳಗೇ ಹಿಡಿದಿಡುತ್ತವೆ. ಮುಂದೆ ಗುರಿ ಇಳಿದಾಗ ಬೆವರು ಬರುತ್ತದೆ. ನಮ್ಮ ಜನ ತಿಳಿದಿರುವಂತೆ ಬೆವರು ಬಂದದ್ದರಿಂದ ಜ್ವರ ಹೋಗುವುದಿಲ್ಲ, ಜ್ವರ ಇಳಿಯಲು ಹೊರಟಿತು ಎಂಬುದಕ್ಕೆ ಬೆವರು ಗುರುತು. ಹೊದಿಕೆ ಹೊದಿಸಿ ಒತ್ತಾಯದಿಂದ ತರಿಸಿದ ಬೆವರಿನಲ್ಲಿ ರೋಗ ಹೊರಗೆ ಹರಿದುಹೋಗುವುದಿಲ್ಲ. ಹೋಗುವುದು ನೀರು ಮತ್ತು ಉಪ್ಪು ಮಾತ್ರ.

ಈ ಕಾವಿನಿಂದ ಏನು ಉಪಯೋಗ? ಫ್ರಾನ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿ ಆಂದ್ರೆ ಲ್ವೋಫ್ 1950ರ ದಶಕದಲ್ಲಿ ಪೋಲಿಯೊ ವೈರಾಣುವನ್ನು ಬೇರೆ ಬೇರೆ ಶಾಖದಲ್ಲಿ ಬೆಳೆಸಿ ನೋಡಿದರು. ಶಾಖ ಜ್ವರದ ಮಟ್ಟಕ್ಕೆ ಏರಿದಾಗ ವೈರಾಣುವಿನ ಸಂತಾನವೃದ್ಧಿ ಕುಗ್ಗುವುದನ್ನು ಕಂಡು, ಜ್ವರವು ರೋಗದ ಕಾಟವಲ್ಲ, ದೇಹದ ರಕ್ಷಣೆಯ ಉಪಾಯ ಎಂದು ವಾದಿಸಿದರು. 1965ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದವರು ಇವರು. 1975ರಲ್ಲಿ ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮತ್ತು ಸಂಗಡಿಗರು ಮರುಭೂಮಿಯ ಓತಿಕೇತದ ಜಾತಿಯ ಪ್ರಾಣಿಗಳ ಮೇಲೆ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಈ ಪ್ರಾಣಿಗಳಿಗೆ ಸ್ವಂತ ಮೈಶಾಖವಿಲ್ಲ. ಸೋಂಕು ತಗಲಿದಾಗ ಬಿಸಿ ಜಾಗ ಹುಡುಕಿಕೊಂಡು ಹೋಗಿ ಮೈ ಕಾಯಿಸಿಕೊಳ್ಳುತ್ತವೆ. ಹಾಗೆ ಬಿಸಿಯಲ್ಲಿ ಇರಿಸಿದವುಗಳಲ್ಲಿ ಹೆಚ್ಚಿನವು ಬದುಕಿದವು, ತಂಪಿನಲ್ಲಿ ಇರಿಸಿದವುಗಳಲ್ಲಿ ಹೆಚ್ಚಿನವು ಸತ್ತವು. ಅಲ್ಲಿದ್ದದ್ದು ವೈರಾಣುವಲ್ಲ, ಬ್ಯಾಕ್ಟೀರಿಯಾ ಸೋಂಕು. ಆದರೂ ಜ್ವರವೆಂಬುದು ಎಷ್ಟು ಹಳೆಯ ಆಯುಧ ಎಂಬುದು ಇದರಿಂದ ತಿಳಿಯುತ್ತದೆ.

ಕಾವಿನ ಜೊತೆಗೆ ಇನ್ನೊಂದು ಸೈನ್ಯವೂ ಎದ್ದಿರುತ್ತದೆ. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜಾನ್ ಲಿಂಡೆನ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು ಇಂಟರ್‌ಫೆರಾನ್ ಎಂಬ ವಸ್ತುವನ್ನು ಕಂಡುಹಿಡಿದರು. ವೈರಾಣು ಹೊಕ್ಕ ಜೀವಕೋಶ ತಾನು ಸಾಯುವ ಮುನ್ನ ಇದನ್ನು ಹೊರಸೂಸುತ್ತದೆ. ಕಳ್ಳ ಬಂದ ಮನೆಯವನು ಕೂಗಿ ಓಣಿಯವರನ್ನು ಎಬ್ಬಿಸಿದಂತೆ. ನೆರೆಯ ಕೋಶಗಳು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ. ಆಮೇಲೆ ಲಿಂಫೋಸೈಟ್ ಎಂಬ ಬಿಳಿ ಕಣಗಳು ಬಂದು ಸೋಂಕಿತ ಕೋಶಗಳನ್ನು ಗುರುತು ಹಿಡಿದು ಕೊಲ್ಲುತ್ತವೆ, ಪ್ರತಿಕಾಯಗಳು ತಯಾರಾಗುತ್ತವೆ. ಜ್ವರದ ಶಾಖದಲ್ಲಿ ಈ ಕಣಗಳ ಓಡಾಟ ಚುರುಕಾಗುತ್ತದೆ.

ನೆಗಡಿ ಮೂಗಿಗೇ ಏಕೆ ಬರುತ್ತದೆ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ನಾವು ಉಸಿರಾಡುವ ಗಾಳಿಯಿಂದ ಮೂಗಿನ ಒಳಪದರ ಮೈಗಿಂತ ತಂಪಾಗಿ, ಸುಮಾರು 33ರಿಂದ 35 ಡಿಗ್ರಿಯಲ್ಲಿರುತ್ತದೆ. ನೆಗಡಿಯ ರೈನೋವೈರಾಣು ಚೆನ್ನಾಗಿ ಬೆಳೆಯುವುದು ಈ ಶಾಖದಲ್ಲಿಯೇ. 2015ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇಲಿಯ ಜೀವಕೋಶಗಳಲ್ಲಿ ಪರೀಕ್ಷಿಸಿದಾಗ, 33 ಡಿಗ್ರಿಯಲ್ಲಿ ಇಂಟರ್‌ಫೆರಾನಿನ ಕೂಗು ಮಂದವಾಗಿರುವುದೂ 37ರಲ್ಲಿ ಜೋರಾಗಿರುವುದೂ ಕಂಡುಬಂತು.

ಹೊರಗಿನ ಕಾವು ಒಳಗೆಷ್ಟು ಮುಟ್ಟುತ್ತದೆ?

ಹಾಗಿದ್ದರೆ ಉಗಿಯಿಂದ ಮೂಗನ್ನು ಬಿಸಿ ಮಾಡಿದರೆ ನೆಗಡಿ ಹೋಗಬೇಕಲ್ಲ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ವಿಜ್ಞಾನಿಗಳೂ ಇದನ್ನೇ ಕೇಳಿದರು. 1989ರಲ್ಲಿ ಬ್ರಿಟನ್ನಿನಲ್ಲಿ ಒಂದು ಯಂತ್ರದ ಮೂಲಕ 43 ಡಿಗ್ರಿಯ ತೇವದ ಗಾಳಿಯನ್ನು ಮೂಗಿಗೆ ಬಿಟ್ಟು ನೋಡಿದಾಗ ನೆಗಡಿಯ ತೊಂದರೆ ಕಡಿಮೆಯಾದಂತೆ ಕಂಡಿತು. ಮರುವರ್ಷ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಅದೇ ಬಗೆಯ ಯಂತ್ರದಿಂದ ಪರೀಕ್ಷಿಸಿದಾಗ ಲಾಭವೇನೂ ಕಾಣಲಿಲ್ಲ. 1994ರಲ್ಲಿ ಸ್ವಯಂಸೇವಕರಿಗೆ ಬೇಕೆಂದೇ ನೆಗಡಿಯ ವೈರಾಣು ತಗುಲಿಸಿ ಬಿಸಿ ಗಾಳಿ ಕೊಟ್ಟು ನೋಡಿದರು. ಮೂಗಿನಿಂದ ಹೊರಬರುವ ವೈರಾಣುವಿನ ಪ್ರಮಾಣ ಇಳಿಯಲಿಲ್ಲ. 2013ರಲ್ಲಿ ಇಂಗ್ಲೆಂಡಿನಲ್ಲಿ ಕೆಮ್ಮು ನೆಗಡಿಯ ಸುಮಾರು 900 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿಯೂ ಉಗಿ ತೆಗೆದುಕೊಂಡವರಿಗೆ ವಿಶೇಷ ಲಾಭವಾಗಲಿಲ್ಲ. ಬದಲಾಗಿ ಅವರಲ್ಲಿ ನಾಲ್ವರು ಸಣ್ಣಪುಟ್ಟ ಸುಟ್ಟಗಾಯ ಮಾಡಿಕೊಂಡರು.

ಕಾರಣ ಸರಳ. ಮೂಗಿನ ಪದರದ ಹಿಂದೆ ರಕ್ತನಾಳಗಳ ದಟ್ಟ ಬಲೆಯಿದೆ. ಹೊರಗಿನಿಂದ ಬಂದ ಶಾಖವನ್ನು ರಕ್ತ ಕೂಡಲೇ ಹೊತ್ತೊಯ್ದು ಹಂಚಿಬಿಡುತ್ತದೆ. ಹಂಡೆಯ ನೀರಿನ ಜಳಕವೂ ಹಾಗೆಯೇ. ಚರ್ಮ ಕೆಂಪಾಗುತ್ತದೆ, ಹಿತವೆನಿಸುತ್ತದೆ, ಆದರೆ ಚೊಂಬಿನಿಂದ ಸುರಿದುಕೊಂಡ ನೀರು ಮೈಯ ಒಳಶಾಖವನ್ನು ಹೆಚ್ಚೇನೂ ಬದಲಿಸುವುದಿಲ್ಲ. ಬಿಸಿನೀರಿನ ಸ್ನಾನದಿಂದ ಕೊರೊನಾ ತಡೆಯಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿಯೇ ತಿಳಿಸಿದ್ದು ಇದೇ ಕಾರಣಕ್ಕೆ.

ಒಂದು ಮಾತು ಬಿಸಿನೀರಿನ ಪರವಾಗಿಯೂ ಹೇಳಬೇಕು. 1990ರಲ್ಲಿ ಪ್ರಕಟವಾದ ಒಂದು ಯುರೋಪಿನ ಅಧ್ಯಯನದಲ್ಲಿ ಆರು ತಿಂಗಳ ಕಾಲ ನಿಯಮಿತವಾಗಿ ಸೌನಾ ಎಂಬ ಬಿಸಿಕೋಣೆಯ ಸ್ನಾನ ಮಾಡಿದ 25 ಮಂದಿಗೆ, ಮಾಡದ 25 ಮಂದಿಗಿಂತ ನೆಗಡಿ ಕಡಿಮೆ ಬಂತು. ಆದರೆ ಬಂದ ನೆಗಡಿ ಬೇಗ ವಾಸಿಯಾಗಲಿಲ್ಲ. ಐವತ್ತು ಜನರ ಅಧ್ಯಯನದಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು. ಮೇಲಾಗಿ ಅದು ಹಿಮ ಬೀಳುವ ಸೀಮೆಯ ರೂಢಿ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಎರೆಸೀಮೆಯಲ್ಲಿ ಏಪ್ರಿಲ್ ತಿಂಗಳಿನಲ್ಲಿ ಬೇರೆ ಸೌನಾ ಬೇಡ!

ನಿಜವಾಗಿ ಸಿಗುವ ಉಪಕಾರ

ವೈರಾಣು ಸಾಯುವುದಿಲ್ಲ ಎಂದ ಮಾತ್ರಕ್ಕೆ ಬಿಸಿನೀರು ವ್ಯರ್ಥವಲ್ಲ. ಬಿಗಿದ ಸ್ನಾಯು ಸಡಿಲವಾಗುತ್ತದೆ, ನಿದ್ದೆ ಹತ್ತುತ್ತದೆ. ನಿದ್ದೆಯೇ ರೋಗನಿರೋಧಕ ಶಕ್ತಿಗೆ ದೊಡ್ಡ ಆಧಾರ. ಬಿಸಿ ಪಾನೀಯದಿಂದ ಗಂಟಲು ಕೆರೆತ, ಸೀನು, ಕೆಮ್ಮು, ಚಳಿ, ಆಯಾಸಗಳಿಗೆ ಒಡನೆಯೇ ಆರಾಮ ಸಿಗುತ್ತದೆಂದು ಬ್ರಿಟನ್ನಿನ ಕಾರ್ಡಿಫ್ ವಿಶ್ವವಿದ್ಯಾಲಯದವರು 2008ರಲ್ಲಿ ತೋರಿಸಿದರು. ಅಳತೆ ಮಾಡಿ ನೋಡಿದರೆ ಮೂಗಿನ ದಾರಿ ಹೆಚ್ಚು ತೆರೆದಿರಲಿಲ್ಲ, ಆದರೆ ರೋಗಿಗೆ ಹಿತವಾಗಿತ್ತು. ಶುಂಠಿ ಹಾಕಿದ ಬಿಸಿ ಕಷಾಯಕ್ಕೆ ನಾನು ಎಂದೂ ಬೇಡ ಎನ್ನುವುದಿಲ್ಲ. ಅದರಿಂದ ಮೈಗೆ ನೀರೂ ಸೇರುತ್ತದೆ.

ಕಾವಿನ ನೀರು ವೈರಾಣು ರೋಗಿಗೆ ನೆರವಾದ ಅತ್ಯಂತ ಪ್ರಸಿದ್ಧ ಉದಾಹರಣೆ ಆಸ್ಟ್ರೇಲಿಯಾದ ನರ್ಸ್ ಎಲಿಜಬೆತ್ ಕೆನ್ನಿಯವರದು. ಪೋಲಿಯೊ ಬಂದ ಮಕ್ಕಳ ಕೈಕಾಲುಗಳನ್ನು ಅಲುಗಾಡದಂತೆ ಪಟ್ಟಿ ಕಟ್ಟಿ ಬಿಗಿಯುತ್ತಿದ್ದ ಕಾಲವದು. ಈಕೆ ಉಣ್ಣೆ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಸೆಟೆದ ಸ್ನಾಯುಗಳಿಗೆ ಸುತ್ತಿ, ಆಮೇಲೆ ಮೆಲ್ಲಗೆ ವ್ಯಾಯಾಮ ಮಾಡಿಸಿದರು. 1940ರ ದಶಕದಲ್ಲಿ ಅಮೆರಿಕದಲ್ಲಿಯೂ ಈ ಪದ್ಧತಿ ಹರಡಿತು. ಮಕ್ಕಳ ನೋವು ಇಳಿಯಿತು, ಕೈಕಾಲು ಆಡಿದವು. ಆದರೆ ಆ ಬಿಸಿ ಬಟ್ಟೆ ಪೋಲಿಯೊ ವೈರಾಣುವನ್ನು ಕೊಲ್ಲಲಿಲ್ಲ, ಸತ್ತ ನರವನ್ನು ಬದುಕಿಸಲೂ ಇಲ್ಲ. ಪೋಲಿಯೊ ನಮ್ಮ ದೇಶದಿಂದ ಹೋದದ್ದು ಲಸಿಕೆಯ ಎರಡು ಹನಿಗಳಿಂದ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತವೆಂದು ಘೋಷಣೆಯಾಯಿತು. ಕಾವು ನೋವನ್ನು ಇಳಿಸಿತು, ಲಸಿಕೆ ರೋಗವನ್ನೇ ಅಳಿಸಿತು. ಈ ಎರಡು ಕೆಲಸಗಳ ವ್ಯತ್ಯಾಸ ತಿಳಿದರೆ ಈ ಲೇಖನದ ತಿರುಳು ತಿಳಿದಂತೆಯೇ.

ಚಿಕುನ್‌ಗುನ್ಯಾ ಕಲಿಸಿದ ಪಾಠ

2006ನೆಯ ಇಸವಿ. ನಾನು ಆಗಷ್ಟೇ ಎಂ.ಬಿ.ಬಿ.ಎಸ್. ಮುಗಿಸಿದ್ದೆ. ಆ ವರ್ಷ ಚಿಕುನ್‌ಗುನ್ಯಾ ನಮ್ಮ ರಾಜ್ಯವನ್ನು, ಅದರಲ್ಲಿಯೂ ಉತ್ತರದ ಜಿಲ್ಲೆಗಳನ್ನು ಹಣ್ಣುಮಾಡಿತು. ಕರ್ನಾಟಕ ಒಂದರಲ್ಲಿಯೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ವರದಿಯಾದವು. ಮನೆಯಲ್ಲಿ ಒಬ್ಬರೂ ನೆಟ್ಟಗೆ ಎದ್ದು ನಿಲ್ಲದಂತಹ ಸ್ಥಿತಿ. ಗಂಟುಗಳು ಬಾತು, ನೆಲಕ್ಕೆ ಕುಳಿತವರು ಏಳಲಾರದೆ, ಗೋಡೆ ಹಿಡಿದು ನಡೆಯುತ್ತಿದ್ದರು.

ಜನ ಸಹಜವಾಗಿಯೇ ಕಾಸಿದ ಇಟ್ಟಿಗೆ, ಬಿಸಿ ಉಪ್ಪಿನ ಗಂಟು, ಸುಡುನೀರಿನ ಮೊರೆ ಹೋದರು. ಬಾತ ಗಂಟಿಗೆ ಶಾಖ ಕೊಟ್ಟು, ರಾತ್ರಿಯೆಲ್ಲ ನೋವಿನಿಂದ ನರಳಿ ಬೆಳಿಗ್ಗೆ ಬಂದವರು ಬಹಳ. ಗಂಟು ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿರುವಾಗ ಅಲ್ಲಿ ರಕ್ತ ಮೊದಲೇ ಹೆಚ್ಚಿಗೆ ನುಗ್ಗಿರುತ್ತದೆ. ಮೇಲೆ ಶಾಖ ಕೊಟ್ಟರೆ ಊತವೂ ನೋವೂ ಹೆಚ್ಚುತ್ತವೆ. ಆದ್ದರಿಂದ ಚಿಕುನ್‌ಗುನ್ಯಾದ ಮೊದಲ ದಿನಗಳಲ್ಲಿ ಶಾಖ ಬೇಡ, ತಣ್ಣೀರಿನ ಬಟ್ಟೆಯೇ ಲೇಸು ಎಂದು ಸರ್ಕಾರದ ಮಾರ್ಗಸೂಚಿಯೂ ಹೇಳುತ್ತದೆ. ಜ್ವರ ಬಿಟ್ಟು, ಊತ ಇಳಿದು, ಬೆಳಗಿನ ಹೊತ್ತು ಬರೀ ಬಿಗಿತ ಉಳಿದಾಗ ಹದವಾದ ಬಿಸಿನೀರು ಹಿತ. ಆ ನೀರು ಹಾಕಿಕೊಂಡು ಬೆರಳು, ಮಣಿಕಟ್ಟು, ಮೊಣಕಾಲುಗಳನ್ನು ಮೆಲ್ಲಗೆ ಆಡಿಸಬೇಕು. ಅದೇ ನೀರು, ಅದೇ ಗಂಟು, ಆದರೆ ಹೊತ್ತು ಬೇರೆ.

ಎರಡು ಘಟನೆಗಳು

2021ರ ಬೇಸಿಗೆ. ಕೊರೊನಾದ ಎರಡನೆಯ ಅಲೆ. ಒಂದು ರಾತ್ರಿ ನಾಲ್ಕು ವರ್ಷದ ಹುಡುಗಿಯನ್ನು ಎತ್ತಿಕೊಂಡು ಬಂದರು. ಸಣ್ಣ ನೆಗಡಿ, ಅಷ್ಟೇ. ಮನೆಯಲ್ಲಿ ಭಯ. ಪಾತ್ರೆಯಲ್ಲಿ ನೀರು ಕುದಿಸಿ ಹಾಸಿಗೆಯ ಮೇಲಿಟ್ಟು, ತಾಯಿ ಮಗು ಇಬ್ಬರೂ ದುಪ್ಪಟಿ ಮುಚ್ಚಿಕೊಂಡಿದ್ದಾರೆ. ಕತ್ತಲಲ್ಲಿ ಉಸಿರು ಕಟ್ಟಿ ಮಗು ಕಾಲು ಝಾಡಿಸಿದೆ. ಪಾತ್ರೆ ಹೊಟ್ಟೆ ತೊಡೆಗಳ ಮೇಲೆ ಉರುಳಿದೆ. ಮೇಲೆ ಹಲ್ಲುಜ್ಜುವ ಪೇಸ್ಟ್ ಹಚ್ಚಿಕೊಂಡು ತಂದಿದ್ದರು. ನೆಗಡಿ ಮೂರು ದಿನಕ್ಕೆ ಹೋಯಿತು. ಗಾಯ ಮಾಯಲು ಆರು ವಾರ ಹಿಡಿಯಿತು, ಕಲೆ ಇಂದಿಗೂ ಇದೆ. ಆ ತಾಯಿ ಇಂದಿಗೂ ನನ್ನೆದುರು ಕುಳಿತರೆ ಮಗಳ ಕಡೆ ನೋಡುವುದಿಲ್ಲ. ಅವಳದು ತಪ್ಪಲ್ಲ, ಎಲ್ಲರೂ ಹೇಳಿದ್ದನ್ನೇ ಅವಳು ಮಾಡಿದ್ದಳು. ಇಂತಹ ಅನಾಹುತ ನಮ್ಮಲ್ಲಷ್ಟೇ ಅಲ್ಲ. 2020ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆಯವರು ಉಗಿಯ ಪಾತ್ರೆಯಿಂದ ಸುಟ್ಟುಕೊಂಡು ಬರುವ ಮಕ್ಕಳು 30 ಪಟ್ಟು ಹೆಚ್ಚಾಗಿದ್ದಾರೆಂದು ಎಚ್ಚರಿಸಿದ್ದರು.

ಎರಡನೆಯದು ಒಬ್ಬ ನೇಕಾರರದು. ಮೂವತ್ತರ ವಯಸ್ಸು. ಮೂರು ದಿನ ಬಿರುಜ್ವರ. ದವಾಖಾನೆಗೆ ಬಾರದೆ ದಿನಕ್ಕೆರಡು ಸಲ ಸುಡುನೀರು, ಉಗಿ, ಕಂಬಳಿ. ನಾಲ್ಕನೆಯ ದಿನ ಜ್ವರ ಇಳಿಯಿತು. ಬಿಸಿನೀರು ಕೆಲಸ ಮಾಡಿತೆಂದು ಮನೆಯವರು ಸಂತೋಷಪಟ್ಟರು. ಅಂದು ಜಳಕ ಮಾಡಿ ಎದ್ದವರು ಬಚ್ಚಲಲ್ಲಿಯೇ ಕುಸಿದರು. ನಾನು ನೋಡಿದಾಗ ಕೈಕಾಲು ತಣ್ಣಗೆ, ನಾಡಿ ಎಳೆಯಷ್ಟು, ಹೊಟ್ಟೆಯಲ್ಲಿ ನೋವು. ಅದು ಡೆಂಗಿ. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಜ್ವರ ಇಳಿಯುವ ಹೊತ್ತಿಗೆ. ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತದೊತ್ತಡ ಬೀಳುತ್ತದೆ. ಮೊದಲೇ ಬೆವರಿ ಒಣಗಿದ ಮೈ, ಅದರ ಮೇಲೆ ಬಿಸಿನೀರಿಗೆ ಚರ್ಮದ ನಾಳಗಳೆಲ್ಲ ಅರಳಿದರೆ ಒತ್ತಡ ಇನ್ನೂ ಕುಸಿಯುತ್ತದೆ. ಸಲೈನ್ ಹಚ್ಚಿ ಬಾಗಲಕೋಟೆಗೆ ಕಳಿಸಿದೆ, ಉಳಿದರು. ಎರಡು ತಾಸು ತಡವಾಗಿದ್ದರೆ ಏನಾಗುತ್ತಿತ್ತೆಂದು ನಾನು ಯೋಚಿಸಲು ಇಷ್ಟಪಡುವುದಿಲ್ಲ.

ಈ ಇಬ್ಬರಿಗೂ ಬಿಸಿನೀರು ವಿಷವಾಗಲಿಲ್ಲ. ಒಬ್ಬರಿಗೆ ಪಾತ್ರೆ ಅಪಾಯ ತಂದಿತು, ಇನ್ನೊಬ್ಬರಿಗೆ ನಂಬಿಕೆ ಹೊತ್ತು ಕಳೆಯಿತು.

ಮನೆಯಲ್ಲಿ ಹೀಗೆ ಮಾಡಿ

1. ಉಗಿ ದೊಡ್ಡವರಿಗೆ ಮಾತ್ರ. ಮಕ್ಕಳಿಗೆ ಪಾತ್ರೆಯ ಉಗಿ ಬೇಡವೇ ಬೇಡ. ಅವರ ಮೂಗು ಕಟ್ಟಿದರೆ ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿಗಳು ಸಾಕು.

2. ಕುದಿಯುವ ಪಾತ್ರೆಯನ್ನು ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ, ಅಲುಗಾಡದ ಮೇಜಿನ ಮೇಲಿಡಿ. ಹಾಸಿಗೆ, ತೊಡೆ, ಹೊರಸು ಬೇಡ. ಮುಖ ಒಂದು ಮೊಳ ದೂರವಿರಲಿ. ಐದು ನಿಮಿಷ ಸಾಕು.

3. ಉಗಿಯ ನೀರಿಗೆ ಕರ್ಪೂರ ಹಾಕಬೇಡಿ. ಮಗುವಿನ ಮೂಗಿನೊಳಗೆ ಮುಲಾಮು ಸವರಬೇಡಿ. ಹೊಟ್ಟೆಗೆ ಹೋದ ಸ್ವಲ್ಪವೇ ಕರ್ಪೂರ ಕೂಸಿಗೆ ಫಿಟ್ಸ್ ತರಬಲ್ಲದು.

4. ಜಳಕದ ನೀರು ಮೊಣಕೈ ಅದ್ದಿದರೆ ಹಿತವಾಗಿರಬೇಕು, ಚುರುಗುಟ್ಟಬಾರದು. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಹಾಕುವ ರೂಢಿ ಮಾಡಿಕೊಳ್ಳಿ.

5. ಜ್ವರ ಏರುತ್ತಿರುವಾಗ, ಮೈ ನಡುಗುತ್ತಿರುವಾಗ ಹಗುರವಾದ ಹೊದಿಕೆ ಕೊಡಿ. ನಡುಕ ನಿಂತ ಮೇಲೆ ಅದನ್ನು ತೆಗೆಯಿರಿ. ಮಕ್ಕಳನ್ನು ಎರಡು ಮೂರು ಕಂಬಳಿಯಲ್ಲಿ ಸುತ್ತಬೇಡಿ.

6. ಬಹಳ ಜ್ವರವಿದ್ದರೆ ಉಗುರು ಬೆಚ್ಚಗಿನ ನೀರಿನ ಬಟ್ಟೆಯಿಂದ ಮೈ ಒರೆಸಬಹುದು. ಐಸ್ ನೀರು ಬೇಡ, ನಡುಕ ಬಂದು ಶಾಖ ಮತ್ತಷ್ಟು ಏರುತ್ತದೆ.

7. ಧಾರಾಳವಾಗಿ ದ್ರವ ಕೊಡಿ. ಗಂಜಿ, ಮಜ್ಜಿಗೆ, ಬೇಳೆಕಟ್ಟು, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಪೊಟ್ಟಣ ಓ.ಆರ್.ಎಸ್. ಜ್ವರ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಮೈಯ ಖರ್ಚು ನೂರಕ್ಕೆ ಹತ್ತರಷ್ಟು ಏರುತ್ತದೆ. ಬರೀ ಉಪವಾಸ ಕೆಡವಬೇಡಿ.

8. ಜ್ವರ ದೇಹದ ರಕ್ಷಣೆಯಾದರೆ ಮಾತ್ರೆ ಏಕೆ ಎಂದು ಕೇಳಬಹುದು. ಸಣ್ಣ ಜ್ವರಕ್ಕೆ ಬೇಕಿಲ್ಲ. ರೋಗಿಗೆ ಸಂಕಟವಾಗಿ ಊಟ ನಿದ್ದೆ ಬಿಟ್ಟರೆ ಪ್ಯಾರಾಸಿಟಮಾಲ್ ಕೊಡಬಹುದು, ಮಕ್ಕಳಿಗೆ ತೂಕ ನೋಡಿ ವೈದ್ಯರು ಹೇಳಿದಷ್ಟೇ. ಡೆಂಗಿಯ ಅನುಮಾನವಿರುವಾಗ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ. ವೈರಾಣು ಜ್ವರದಲ್ಲಿ ಮಕ್ಕಳಿಗೆ ಆಸ್ಪಿರಿನ್ ಎಂದಿಗೂ ಕೂಡದು.

ಯಾರಿಗೆ ಬೇಡ?

ಸಕ್ಕರೆ ಕಾಯಿಲೆಯಿಂದ ಪಾದಗಳ ಸ್ಪರ್ಶ ಕಳೆದುಕೊಂಡವರು ಬಿಸಿನೀರಿನಲ್ಲಿ ಕಾಲಿಡಬಾರದು. ಸುಟ್ಟದ್ದೇ ಅವರಿಗೆ ತಿಳಿಯುವುದಿಲ್ಲ, ಅಲ್ಲಿಂದ ಹುಣ್ಣು ಶುರುವಾಗುತ್ತದೆ. ಹೃದ್ರೋಗಿಗಳು, ರಕ್ತದೊತ್ತಡದ ಮಾತ್ರೆ ನುಂಗುವ ಮುದುಕರು ಬಹಳ ಬಿಸಿನೀರು ಹಾಕಿಕೊಂಡು ಥಟ್ಟನೆ ಎದ್ದರೆ ತಲೆ ತಿರುಗಿ ಬೀಳುವುದುಂಟು. ಗರ್ಭಿಣಿಯರು, ಅದರಲ್ಲಿಯೂ ಮೊದಲ ಮೂರು ತಿಂಗಳು, ಉಗಿಕೋಣೆ ಮತ್ತು ಸುಡುನೀರಿನಿಂದ ದೂರವಿರಬೇಕು. ಮೈಯ ಒಳಶಾಖ ಬಹಳ ಏರಿದರೆ ಕೂಸಿನ ಬೆನ್ನುಹುರಿಯ ಬೆಳವಣಿಗೆಗೆ ತೊಂದರೆಯಾಗಬಹುದು.

ಇನ್ನೊಂದು ಮಾತು. ಕಿಟಕಿಯಿಲ್ಲದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಹಚ್ಚಿ ಬಾಗಿಲು ಹಾಕಿಕೊಳ್ಳಬೇಡಿ. ಬಾಣಂತಿಯ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ. ಎರಡರಿಂದಲೂ ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ಬರುತ್ತದೆ. ಎಚ್ಚರ ತಪ್ಪುವವರೆಗೂ ಅದು ಗೊತ್ತಾಗುವುದಿಲ್ಲ.

ಸುಟ್ಟರೆ ಏನು ಮಾಡಬೇಕು? ಕೂಡಲೇ ಬಟ್ಟೆ ತೆಗೆದು, ಗಾಯದ ಮೇಲೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಡಿ. ಪೇಸ್ಟ್, ಅರಿಶಿಣ, ಶಾಯಿ, ಮಣ್ಣು ಯಾವುದೂ ಬೇಡ. ಸ್ವಚ್ಛ ಬಟ್ಟೆ ಹೊದಿಸಿ ಆಸ್ಪತ್ರೆಗೆ ಒಯ್ಯಿರಿ.

ಯಾವಾಗ ಓಡಿ ಬರಬೇಕು?

ಜ್ವರ ಮೂರು ದಿನ ಮೀರಿದರೆ. ಉಸಿರು ಮೇಲಕ್ಕೆ ಎಳೆಯುತ್ತಿದ್ದರೆ. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಮೂಗಿನಿಂದ ರಕ್ತ, ಮೈಮೇಲೆ ಕೆಂಪು ಚುಕ್ಕೆ ಕಂಡರೆ. ಮೂತ್ರ ಕಡಿಮೆಯಾದರೆ. ಫಿಟ್ಸ್ ಬಂದರೆ, ಕುತ್ತಿಗೆ ಬಿಗಿದರೆ, ಮಂಪರು ಹತ್ತಿದರೆ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ಅಂದೇ. ಜ್ವರ ಇಳಿದು ಕೈಕಾಲು ತಣ್ಣಗಾದರೆ ಅದನ್ನು ಗುಣವೆಂದು ತಿಳಿಯಬೇಡಿ. ನೆನಪಿಡಿ, ಮಲೇರಿಯಾ ಮತ್ತು ವಿಷಮಶೀತ ಜ್ವರಗಳು ವೈರಾಣುವಿನಿಂದ ಬರುವುದಿಲ್ಲ. ಅವುಗಳಿಗೆ ಬೇರೆ ಔಷಧಿ ಇದೆ, ಬೇಗ ಕೊಡಬೇಕು.

ದೇಹದ ರಕ್ಷಣಾ ಶಕ್ತಿಯನ್ನು ಬೆಳೆಸುವ ಉಪಾಯಗಳು ಹಂಡೆಯಲ್ಲಿಲ್ಲ. ಕಾಲಕಾಲಕ್ಕೆ ಲಸಿಕೆ, ಹೊಟ್ಟೆ ತುಂಬ ರೊಟ್ಟಿ ಬೇಳೆ ಸೊಪ್ಪು, ರಾತ್ರಿಯ ನಿದ್ದೆ, ಸೋಪಿನಿಂದ ತೊಳೆದ ಕೈ, ಬೀಡಿ ಬಿಟ್ಟ ಪುಪ್ಪುಸ, ಮನೆ ಸುತ್ತ ನಿಂತ ನೀರು ಚೆಲ್ಲುವುದು, ನೀರು ತುಂಬಿದ ಗಡಿಗೆ ಬ್ಯಾರಲ್ಲುಗಳಿಗೆ ಮುಚ್ಚಳ ಹಾಕುವುದು. ಡೆಂಗಿ, ಚಿಕುನ್‌ಗುನ್ಯಾದ ಸೊಳ್ಳೆ ಹುಟ್ಟುವುದು ಆ ಶುದ್ಧ ನೀರಿನಲ್ಲಿಯೇ.

ಇಷ್ಟಾದ ಮೇಲೆ ಸಂಜೆ ಒಂದು ಹದವಾದ ಬಿಸಿನೀರಿನ ಜಳಕ ಮಾಡಿ. ಸುಖವಾಗಿ ಮಲಗಿ. ಅದನ್ನು ಔಷಧಿ ಎಂದು ಮಾಡಬೇಡಿ, ಆರಾಮ ಎಂದು ಮಾಡಿ. ವೈರಾಣುವಿನ ಜೊತೆ ಹೋರಾಡುವ ಕೆಲಸವನ್ನು ನಿಮ್ಮ ಮೈ ನಿಮಗಿಂತ ಚೆನ್ನಾಗಿ ಬಲ್ಲದು. ಅದಕ್ಕೆ ನೀರು, ಅನ್ನ, ವಿಶ್ರಾಂತಿ ಕೊಟ್ಟು, ಅದು ಸೋಲುತ್ತಿದೆ ಎಂಬ ಗುರುತು ಕಂಡ ಕೂಡಲೇ ವೈದ್ಯರ ಬಳಿಗೆ ಹೊರಡುವುದು ಮನೆಯವರ ಕೆಲಸ.